ಎಡಗೈ ಮುಟ್ಟಿದ್ದು ಬಲಮೆದುಳಿಗೆ

"ಲಕ್ವ ಹೊಡೆದಿರೋದು ಎಡಗೈಗೆ. ಡಾಕ್ಟ್ರು ಕೆಟ್ಟಿರೋದು ಬಲಗಡೆ ಮೆದುಳು ಅಂತಾರೆ. ಫಿಲಂ ಎತ್ತಿ ಬೆಳಕಿಗೆ ಹಿಡುದ್ರೆ ಕಲೆ ಕಾಣೋದು ಎಡಗಡೆ. ಇದ್ರಾಗೆ ಯಾವ್ದು ನಿಜ ಮೇಷ್ಟ್ರೇ?"

ದಾಸವಾಳದ ಬೇಲಿಯ ಆಚೆಯಿಂದ ಪಕ್ಕದ ಮನೆಯ ಅಕ್ಕ ಕೇಳಿದ ಪ್ರಶ್ನೆ ಇದು. ಮಾಗಡಿಯಲ್ಲಿ ಬೇಲಿ ಹತ್ತಿರದ ಮಾತು ತಿರುಮಲೆ ರಂಗನಾಥಸ್ವಾಮಿ ತೇರಿನಿಂದ ಶುರುವಾಗಿ ರಾಗಿ ದರಕ್ಕೆ ಬಂದು, ಹಲಸಿನ ಹಣ್ಣು ಯಾರ ಮನೆಗೆ ಎಷ್ಟು ಹೋಯಿತು ಎಂಬಲ್ಲಿಗೆ ಮುಗಿಯುವುದು ವಾಡಿಕೆ. ಈ ಸಲ ಮೆದುಳಿನೊಳಕ್ಕೇ ನುಗ್ಗಿತು. ಅಕ್ಕನ ಮೈದುನ ಕುದೂರು ಕಡೆ ಇರುವವರು. ಹೊಲ, ಎರಡು ಹಸು, ನೆಮ್ಮದಿಯ ಸಂಸಾರ. ಒಂದು ಬೆಳಗ್ಗೆ ಹಾಲು ಕರೆಯಲು ಕೂತವರಿಗೆ ಎಡಗೈಗೆ ಕೆಚ್ಚಲು ಸಿಕ್ಕಿದ್ದೇ ತಿಳಿಯಲಿಲ್ಲವಂತೆ. ಬಲಗೈಗೆ ಬಿಸಿ, ಮೆತ್ತಗೆ, ಒದ್ದೆ ಎಲ್ಲ ಗೊತ್ತಾಗುತ್ತಿದೆ. ಎಡಗೈ ಮಾತ್ರ ಯಾರದೋ ಕೈ. ಆಮೇಲೆ ಬೆಂಗಳೂರು, ಸ್ಕ್ಯಾನು, ದೊಡ್ಡ ಕವರಿನಲ್ಲಿ ಫಿಲಂ. ಈಗ ಮನೆಯವರೆಲ್ಲ ಆ ಫಿಲಂ ಸುತ್ತ ಕೂತು ಎರಡು ಪಂಗಡವಾಗಿದ್ದಾರೆ. ಡಾಕ್ಟರು ಉಲ್ಟಾ ನೋಡಿದ್ದಾರೆ ಎಂದು ಒಂದು ಪಂಗಡ. ಬೇರೆಯವರ ಫಿಲಂ ಕೊಟ್ಟಿದ್ದಾರೆ ಎಂದು ಇನ್ನೊಂದು.

"ಅಕ್ಕಾ, ಮೂರೂ ನಿಜವೇ. ಯಾರೂ ತಪ್ಪು ಹೇಳಿಲ್ಲ" ಅಂದೆ.

ಮೊದಲು ಫಿಲಂ ವಿಚಾರ. ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ರೋಗಿ ಅಂಗಾತ ಮಲಗಿದ್ದಾಗ ಅವರ ಪಾದದ ಕಡೆ ನಿಂತು ನೋಡುವ ಕ್ರಮದಲ್ಲಿ ಇಡುತ್ತಾರೆ. ಎದುರು ನಿಂತವರ ಬಲಗೈ ನಮ್ಮ ಎಡಕ್ಕೆ ಇರುತ್ತದಲ್ಲ, ಅದೇ ಲೆಕ್ಕ. ಫಿಲಂನ ಎಡ ಅಂಚಿನಲ್ಲಿ 'ಆರ್' ಎಂಬ ಅಕ್ಷರ ಇದ್ದರೆ ಅದು ರೋಗಿಯ ಬಲಭಾಗ. ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲೂ ರೂಢಿಯಾದ ಕ್ರಮ ಇದು. ಇಷ್ಟನ್ನು ಫಿಲಂ ಕೊಡುವಾಗಲೇ ಮನೆಯವರಿಗೆ ಒಂದು ಮಾತಿನಲ್ಲಿ ಹೇಳಿಬಿಟ್ಟರೆ ಎಷ್ಟು ಜಗಳ ತಪ್ಪುತ್ತದೆ! ನಮ್ಮ ಕಡೆಯಂತೂ ಫಿಲಂ ಎಂದರೆ ಊರಿನವರೆಲ್ಲ ಎತ್ತಿ ನೋಡುವ ವಸ್ತು.

"ಸರಿ, ಫಿಲಂ ಲೆಕ್ಕ ಗೊತ್ತಾಯ್ತು. ಎಡಗೈ ಜೋಮು ಹಿಡಿದ್ರೆ ಬಲಗಡೆ ಮೆದುಳು ಯಾಕ್ ಕೆಡಬೇಕು?"

ಇದೇ ಅಸಲು ಪ್ರಶ್ನೆ. ನಮ್ಮ ಒಂದು ಅಂಗೈಯ ಚರ್ಮದಲ್ಲಿ, ಬೆರಳೂ ಸೇರಿ, ಮುಟ್ಟಿದ್ದನ್ನು ಗ್ರಹಿಸುವ ನರತುದಿಗಳು ಸುಮಾರು 17,000 ಇವೆ. ಒತ್ತಿದರೆ ಮಿಡಿಯುವವು ಕೆಲವು, ಅದುರಿದರೆ ಮಿಡಿಯುವವು ಕೆಲವು, ಚರ್ಮ ಎಳೆದಾಗ ಮಾತ್ರ ಎಚ್ಚರಗೊಳ್ಳುವವು ಇನ್ನು ಕೆಲವು. ಎಡಗೈಯ ಸುದ್ದಿ ಬೆನ್ನುಹುರಿಯನ್ನು ಹೊಕ್ಕು ಎಡಗಡೆಯಲ್ಲೇ ಮೇಲೇರುತ್ತದೆ. ಕುತ್ತಿಗೆ ದಾಟಿ ಮೆದುಳಿನ ಕಾಂಡದ ಬುಡಕ್ಕೆ ಬಂದಾಗ ಪಕ್ಕ ಬದಲಿಸಿ ಬಲಕ್ಕೆ ಹೊರಳುತ್ತದೆ. ಅಲ್ಲಿಂದ ಥಲಾಮಸ್ ಎಂಬ ನಡುಗಂಟು, ಆಮೇಲೆ ಬಲಗಡೆ ಮೆದುಳಿನ ಮೇಲ್ಪದರದಲ್ಲಿರುವ ಒಂದು ನೀಳವಾದ ಪಟ್ಟಿ. ಮಣಿಕಟ್ಟಿನ ನರವನ್ನು ವಿದ್ಯುತ್ತಿನಿಂದ ಸಣ್ಣಗೆ ಮುಟ್ಟಿದರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಆ ಪಟ್ಟಿಯಲ್ಲಿ ಮಿಡಿತ ಕಾಣುತ್ತದೆ. ಒಂದು ಸೆಕೆಂಡನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ನೋವು ಮತ್ತು ಬಿಸಿಯ ಸುದ್ದಿ ಹೋಗುವ ದಾರಿ ಬೇರೆ. ಅದು ಬೆನ್ನುಹುರಿಗೆ ಬಂದ ಜಾಗದ ಸುತ್ತಮುತ್ತಲೇ ಪಕ್ಕ ಬದಲಿಸಿಬಿಡುತ್ತದೆ. ಹಾಗಾಗಿ ಅಪಘಾತದಲ್ಲಿ ಬೆನ್ನುಹುರಿಯ ಒಂದು ಪಕ್ಕ ಮಾತ್ರ ತುಂಡಾದವರಲ್ಲಿ, ಒಂದು ಕಾಲಿಗೆ ನಯವಾದ ಮುಟ್ಟು ತಿಳಿಯುವುದಿಲ್ಲ, ಇನ್ನೊಂದು ಕಾಲಿಗೆ ಬೆಂಕಿ ತಾಗಿದರೂ ತಿಳಿಯುವುದಿಲ್ಲ. ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ಬ್ರೌನ್-ಸೆಕಾರ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಇದನ್ನು ತೋರಿಸಿಕೊಟ್ಟರು. ಸ್ಕ್ಯಾನ್ ಯಂತ್ರ ಎಂಬ ಕಲ್ಪನೆಯೂ ಇಲ್ಲದ ಕಾಲ ಅದು. ಯಂತ್ರದ ನೆರವಿಲ್ಲದೆ ಒಳಗಿನ ದಾರಿ ಹೇಳಿದ ಅಂಥವರ ಬಗ್ಗೆ ನನಗೆ ಅಪಾರ ಗೌರವ.

ಬಲಗಡೆಯ ಆ ಪಟ್ಟಿಯಲ್ಲಿ ಎಡ ಮೈಯ ಪೂರ್ತಿ ನಕ್ಷೆ ಇದೆ. ಅದನ್ನು ಬರೆದವರು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು. ಮೂರ್ಛೆರೋಗದವರ ತಲೆಬುರುಡೆ ತೆರೆದು, ರೋಗಿ ಎಚ್ಚರವಿರುವಾಗಲೇ ಮೆದುಳಿನ ಮೇಲೆ ಸಣ್ಣ ವಿದ್ಯುತ್ ತುದಿ ಇಟ್ಟು ಏನನ್ನಿಸಿತು ಎಂದು ಕೇಳುತ್ತಿದ್ದರು. ಒಂದು ಕಡೆ ಇಟ್ಟರೆ ಹೆಬ್ಬೆರಳು ಜುಮ್ಮೆನ್ನುತ್ತದೆ, ಸ್ವಲ್ಪ ಕೆಳಗಿಟ್ಟರೆ ತುಟಿ.

"ಅಯ್ಯಯ್ಯೋ! ಎಚ್ಚರ ಇದ್ದಾಗ್ಲೇ ತಲೆ ಬಿಚ್ಚೋದಾ?" ಅಕ್ಕ ಸೆರಗು ಬಾಯಿಗಿಟ್ಟುಕೊಂಡರು.

ನೆತ್ತಿಯ ಚರ್ಮ, ಮೂಳೆಗೆ ಮದ್ದು ಕೊಟ್ಟರೆ ಸಾಕು. ಮೆದುಳಿಗೆ ತನ್ನನ್ನು ಮುಟ್ಟಿದರೆ ನೋವಾಗುವುದಿಲ್ಲ. ಇಡೀ ಮೈಯ ನೋವು ತಿಳಿಯುವ ಜಾಗಕ್ಕೆ ತನ್ನದೇ ನೋವಿಲ್ಲ. 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ಸಂಗೀತಗಾರರೊಬ್ಬರು ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಗಿಟಾರ್ ನುಡಿಸುತ್ತಿದ್ದರು. ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಎಡ್ವಿನ್ ಬೋಲ್ಡ್ರಿ ತಮ್ಮ ನಕ್ಷೆಯನ್ನು ಪ್ರಕಟಿಸಿದ್ದು 1937ರಲ್ಲಿ. ಕಾಲ್ಬೆರಳು ಎರಡು ಹೋಳುಗಳ ನಡುವಿನ ಸಂದಿಯಲ್ಲಿ, ಕೆಳಗಿಳಿದಂತೆ ಸೊಂಟ, ತೋಳು, ಕೈ, ಮುಖ, ನಾಲಗೆ. ಕೈಗೂ ತುಟಿಗೂ ಸಿಕ್ಕ ಜಾಗದ ಮುಂದೆ ಬೆನ್ನಿಗೆ ಸಿಕ್ಕಿದ್ದು ತೀರ ಸ್ವಲ್ಪ. ಬೇಕಾದರೆ ಪರೀಕ್ಷೆ ಮಾಡಬಹುದು ಎಂದು ಎರಡು ಕಡ್ಡಿ ಜೋಡಿಸಿ ಹಿಡಿದು ಅಕ್ಕನ ಬೆರಳ ತುದಿಗೆ ತಾಗಿಸಿದೆ. ಎರಡು ಮೂರು ಮಿಲಿಮೀಟರ್ ಅಂತರವಿದ್ದರೂ "ಎರಡು" ಎಂದರು. ಮೊಮ್ಮಗನ ಬೆನ್ನಿಗೆ ಎರಡು ಬೆರಳಗಲ ಬಿಟ್ಟು ತಾಗಿಸಿದರೂ ಅವನು "ಒಂದೇ" ಎಂದ. ಜರ್ಮನಿಯ ವೆಬರ್ ಈ ಅಳತೆಯ ವಿಷಯವಾಗಿ ಪುಸ್ತಕ ಬರೆದದ್ದು 1834ರಲ್ಲಿ.

ಈಗ ತಲೆ ತೆರೆಯದೆಯೇ ಇದೆಲ್ಲ ಕಾಣುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿನ ಸೆಯ್ಜಿ ಒಗಾವಾ 1990ರಲ್ಲಿ ಒಂದು ದಾರಿ ಕಂಡುಕೊಂಡರು. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಅಯಸ್ಕಾಂತದ ಎದುರು ಒಂದು ತರಹ ವರ್ತಿಸುತ್ತದೆ, ಆಮ್ಲಜನಕ ತುಂಬಿಕೊಂಡ ರಕ್ತ ಇನ್ನೊಂದು ತರಹ. ಮೆದುಳಿನ ಯಾವ ಜಾಗ ಕೆಲಸಕ್ಕಿಳಿಯುತ್ತದೋ ಅಲ್ಲಿಗೆ ಹೊಸ ರಕ್ತ ಹರಿದು ಬರುತ್ತದೆ, ಎಂ.ಆರ್.ಐ. ಯಂತ್ರ ಆ ವ್ಯತ್ಯಾಸವನ್ನು ಹಿಡಿಯುತ್ತದೆ. ಇದೇ ಎಫ್.ಎಂ.ಆರ್.ಐ. ಮದುವೆ ಯಾವ ಬೀದಿಯಲ್ಲಿ ಎಂಬುದನ್ನು ನೀರಿನ ಟ್ಯಾಂಕರ್ ಎತ್ತ ತಿರುಗಿತು ಎಂದು ನೋಡಿ ಹೇಳಿದ ಹಾಗೆ. ಟ್ಯಾಂಕರ್ ಬರುವುದು ತುಸು ತಡ. ಬೆರಳು ಮುಟ್ಟಿದ ಐದಾರು ಸೆಕೆಂಡಿಗೆ ರಕ್ತ ತುಂಬಿ ಬರುತ್ತದೆ. ಪತ್ರಿಕೆಯಲ್ಲಿ ಮೆದುಳಿನ ಬಣ್ಣದ ಚಿತ್ರ ಕಂಡಾಗ ಒಂದು ಮಾತು ನೆನಪಿರಲಿ: ಕೆಂಪು, ಹಳದಿ ಕಲೆಗಳು ಲೆಕ್ಕ ಹಾಕಿ ಹಚ್ಚಿದ ಬಣ್ಣಗಳು. ಯಂತ್ರ ವಿಚಾರವನ್ನು ನೋಡುವುದಿಲ್ಲ, ರಕ್ತವನ್ನು ನೋಡುತ್ತದೆ.

ಅಂಥ ಯಂತ್ರದಲ್ಲಿ ಮಲಗಿದವರ ಎಡಗೈ ಬೆರಳನ್ನು ಮೆತ್ತನೆಯ ಕುಂಚದಿಂದ ಸವರಿದರೆ ಏನು ಕಾಣುತ್ತದೆ? ಬಲಗಡೆಯ ಸ್ಪರ್ಶಪಟ್ಟಿ ಎಚ್ಚರಗೊಳ್ಳುತ್ತದೆ. ಇದು ಎಲ್ಲರೂ ನಿರೀಕ್ಷಿಸಿದ್ದೇ. ಕಿವಿಯ ಮೇಲ್ಭಾಗದ ಆಳದ ಮಡಿಕೆಯಲ್ಲಿ ಎರಡನೆಯ ಸ್ಪರ್ಶತಾಣ ಒಂದಿದೆ. ಅದು ಎರಡೂ ಹೋಳುಗಳಲ್ಲಿ ಒಟ್ಟಿಗೇ ಎಚ್ಚರಗೊಳ್ಳುತ್ತದೆ. ಅಂದರೆ ಒಂದು ಕೈಯ ಸುದ್ದಿ ಎರಡು ಮನೆಗೂ ಹೋಯಿತು. ಮೂರನೆಯದು ನನಗೆ ತುಂಬ ಹಿಡಿಸಿದ ಸಂಗತಿ. ಎಡಗಡೆಯ ಮೊದಲ ಪಟ್ಟಿ, ಅಂದರೆ ಬಲಗೈಯನ್ನು ನೋಡಿಕೊಳ್ಳುವ ಪಟ್ಟಿ, ಆ ಹೊತ್ತಿನಲ್ಲಿ ಮಾಮೂಲಿಗಿಂತ ಸ್ವಲ್ಪ ಅಡಗುತ್ತದೆ. ಫಿನ್ಲೆಂಡಿನ ಸಂಶೋಧಕರು 2006ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಒಂದು ಕೈ ಮುಟ್ಟಿ ನೋಡುತ್ತಿರುವಾಗ ಇನ್ನೊಂದು ಕೈಯ ತಾಣ ತಾನಾಗಿ ದನಿ ತಗ್ಗಿಸುತ್ತದೆ. ನಿತ್ಯ ನಮ್ಮೊಳಗೆ ನಡೆಯುವ ಈ ಸಂಯಮ ಯಾರಿಗೂ ತಿಳಿಯುವುದಿಲ್ಲ.

"ಎರಡು ಹೋಳು ಅಂತೀರಿ. ಎರಡಕ್ಕೂ ಮಾತುಕತೆ ಎಂಗೆ?"

ಅಕ್ಕನಿಗೆ ಕಣ್ಣು ಮುಚ್ಚಲು ಹೇಳಿ ಎಡ ಅಂಗೈಯಲ್ಲಿ ಒಂದು ಕಾಳು ಇಟ್ಟೆ. ಬೆರಳಲ್ಲಿ ಒಮ್ಮೆ ಹೊರಳಿಸಿ "ಉಣಸೇ ಬೀಜ" ಎಂದರು. ಎರಡು ಸೆಕೆಂಡಿನ ಕೆಲಸ. ಆದರೆ ಅದರ ಪ್ರಯಾಣ ನೋಡಿ. ಬೀಜದ ನುಣುಪು, ಅಂಚು, ಗಾತ್ರ ಎಡಗೈಯಿಂದ ಹೊರಟು ಬಲಮೆದುಳಿಗೆ ಹೋದವು. ಹೆಸರು ಹೇಳುವ ಶಕ್ತಿ ಇರುವುದು, ಬಲಗೈ ಬಳಸುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ, ಎಡಮೆದುಳಿನಲ್ಲಿ. ಅಲ್ಲಿಗೆ ದಾಟಲು ಇರುವ ದೊಡ್ಡ ಸೇತುವೆಯ ಹೆಸರು ಕಾರ್ಪಸ್ ಕಲೋಸಮ್. ಸುಮಾರು 20 ಕೋಟಿ ನರತಂತುಗಳು ಅದರಲ್ಲಿವೆ.

ಆ ಸೇತುವೆ ಕಡಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಯಾವ ಮದ್ದಿಗೂ ಬಗ್ಗದ ಮೂರ್ಛೆರೋಗ ಒಂದು ಹೋಳಿನಿಂದ ಇನ್ನೊಂದಕ್ಕೆ ಹಬ್ಬದಿರಲಿ ಎಂದು 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವೈದ್ಯರು ಕೆಲವರಿಗೆ ಅದನ್ನು ಕತ್ತರಿಸಿದರು. ರೋಗಿಗಳು ಮೇಲುನೋಟಕ್ಕೆ ಸರಿಯಾಗಿಯೇ ಇದ್ದರು, ನಡೆದಾಡಿದರು, ಮಾತಾಡಿದರು. ರೋಜರ್ ಸ್ಪೆರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ ಆ ರೋಗಿಗಳನ್ನು ಬಹಳ ತಾಳ್ಮೆಯಿಂದ ಪರೀಕ್ಷಿಸಿದರು. ಕಣ್ಣಿಗೆ ಕಾಣದಂತೆ ಎಡಗೈಗೆ ಒಂದು ಬೀಗದ ಕೈ ಕೊಟ್ಟರೆ ಅದೇನೆಂದು ಹೇಳಲು ಆಗದು. ಆದರೆ ಹತ್ತಾರು ವಸ್ತುಗಳ ನಡುವೆ ಅದನ್ನು ಬೆರೆಸಿ ಹುಡುಕಲು ಬಿಟ್ಟರೆ ಎಡಗೈ ಅದನ್ನೇ ತಡವಿ ಎತ್ತಿ ಕೊಡುತ್ತದೆ! ಬಲಗೈಯಿಂದ ಹುಡುಕಿಸಿದರೆ ಸಿಗುವುದಿಲ್ಲ. ಬಲಮೆದುಳಿಗೆ ವಸ್ತು ಗೊತ್ತು, ಹೆಸರಿಲ್ಲ. ಎಡಮೆದುಳಿಗೆ ಹೆಸರು ಗೊತ್ತು, ವಸ್ತು ತಲುಪಿಲ್ಲ. ಈ ಕೆಲಸಕ್ಕೆ ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಂತು.

ಅಕ್ಕ ತಮ್ಮ ಎರಡೂ ಕೈ ಎದುರಿಗೆ ಹಿಡಿದು ನೋಡಿಕೊಂಡರು. ಆ ಬೆರಳುಗಳ ಬಗ್ಗೆ ಹೇಳಲೇಬೇಕು. ಮದುವೆಗೆ ಮೊದಲು ರಾಮನಗರದ ಫಿಲೇಚರ್‌ನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು ಅವರು. ಬಿಸಿನೀರಿನಲ್ಲಿ ಬೆಂದ ಗೂಡಿನ ತುದಿ ಹುಡುಕಿ, ಹಲವು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುವ ಕೆಲಸ. ಗೂಡಿನ ಒಂದೆಳೆಯ ದಪ್ಪ ಸುಮಾರು ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು. ಒಳ್ಳೆಯ ಗೂಡಿನಲ್ಲಿ ಆ ಎಳೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಬರುತ್ತದೆ. ಎಳೆ ಕಡಿದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು ಎಂದು ಅಕ್ಕ ಹೇಳುತ್ತಾರೆ. ನಾನು ನಂಬುತ್ತೇನೆ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ನುಣುಪು ಫಲಕಗಳ ಮೇಲೆ ಸಣ್ಣ ಸಣ್ಣ ಸುಕ್ಕು ಮಾಡಿ ಜನರಿಗೆ ಸವರಲು ಕೊಟ್ಟಾಗ, 13 ನ್ಯಾನೊಮೀಟರ್ ಎತ್ತರದ ಸುಕ್ಕು ಇರುವ ಫಲಕಕ್ಕೂ ಇಲ್ಲದ ಫಲಕಕ್ಕೂ ಬೆರಳು ವ್ಯತ್ಯಾಸ ಹಿಡಿಯಿತು. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್.

ಪಳಗಿದ ಬೆರಳಿಗೆ ಮೆದುಳಿನಲ್ಲಿ ಹೆಚ್ಚು ಜಾಗ ಸಿಗುತ್ತದೆ ಎಂಬುದಕ್ಕೂ ಚಿತ್ರಗಳ ಪುರಾವೆ ಇದೆ. 1995ರಲ್ಲಿ ಜರ್ಮನಿಯ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ತಂತಿವಾದ್ಯ ನುಡಿಸುವವರ ಮೆದುಳಿನ ಕಾಂತಕ್ಷೇತ್ರವನ್ನು ಅಳೆದರು. ತಂತಿ ಒತ್ತುವ ಎಡಗೈ ಬೆರಳುಗಳಿಗೆ ಬಲಮೆದುಳಿನಲ್ಲಿ ಸಾಮಾನ್ಯರಿಗಿಂತ ದೊಡ್ಡ ಪ್ರತಿಸ್ಪಂದನ. ಕಮಾನು ಹಿಡಿಯುವ ಬಲಗೈಗೆ ಅಂಥ ವ್ಯತ್ಯಾಸವಿಲ್ಲ. ಚಿಕ್ಕ ವಯಸ್ಸಿನಲ್ಲಿ ಕಲಿಕೆ ಶುರುಮಾಡಿದವರಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಏಳು ತಂತಿಯ ಪಿಟೀಲು ನುಡಿಸಿದ ನಮ್ಮ ಮೈಸೂರು ಟಿ. ಚೌಡಯ್ಯನವರ ಎಡಗೈಗೆ ಅವರ ಬಲಮೆದುಳು ಎಷ್ಟು ಜಾಗ ಕೊಟ್ಟಿತ್ತೋ! ನೂಲು ಬಿಚ್ಚುವ ಹೆಂಗಸರ ಬೆರಳು, ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಗೆ ಅರಗು ಹಚ್ಚಿ ನುಣುಪು ನೋಡುವವರ ಬೆರಳು ಇವುಗಳ ಹಿಂದಿರುವ ಮೆದುಳನ್ನೂ ಯಾರಾದರೂ ನೋಡಬೇಕೆಂಬುದು ನನ್ನ ಆಸೆ. ವಿದ್ಯೆ ಎಂದರೆ ಪಿಟೀಲು ಮಾತ್ರವಲ್ಲ ಎಂದು ಚಿತ್ರ ಸಮೇತ ತೋರಿಸಬಹುದು.

ಕಣ್ಣಿಲ್ಲದವರ ವಿಷಯ ಇನ್ನೂ ದೊಡ್ಡದು. ಚಿಕ್ಕಂದಿನಲ್ಲೇ ದೃಷ್ಟಿ ಹೋದವರು ಬ್ರೈಲ್ ಚುಕ್ಕೆಗಳನ್ನು ಬೆರಳಲ್ಲಿ ಓದುವಾಗ ಮೆದುಳಿನ ಹಿಂಭಾಗ, ಅಂದರೆ ನೋಟಕ್ಕೆ ಮೀಸಲಾದ ಭಾಗ, ಕೆಲಸ ಮಾಡುತ್ತದೆ ಎಂದು 1996ರಲ್ಲಿ ಜಪಾನಿನ ಸದಾತೊ ಮತ್ತು ಜೊತೆಗಾರರು ಪ್ರಕಟಿಸಿದರು. ಬಾಲ್ಯದಿಂದ ಕುರುಡಾಗಿದ್ದ, ಬ್ರೈಲ್ ಸರಾಗವಾಗಿ ಓದುತ್ತಿದ್ದ ಒಬ್ಬ ಹೆಂಗಸಿಗೆ ಮೆದುಳಿನ ಹಿಂಭಾಗದ ಎರಡೂ ಕಡೆ ಲಕ್ವ ಹೊಡೆದಾಗ ಬೆರಳಿನ ಸ್ಪರ್ಶ ಉಳಿಯಿತು, ಓದು ಹೋಯಿತು. ಬೆಂಗಳೂರಿನ ಜೆ.ಪಿ. ನಗರದಲ್ಲಿ 1969ರಿಂದ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಅಂಥ ಶಾಲೆಯಲ್ಲಿ ಪಾಠದ ಮೇಲೆ ಬೆರಳಾಡಿಸುವ ಮಗು ಮೆದುಳಿನ ನೋಟದ ಭಾಗವನ್ನೂ ದುಡಿಸಿಕೊಳ್ಳುತ್ತಿದೆ.

"ಅದೆಲ್ಲ ಸರಿ ಮೇಷ್ಟ್ರೇ. ನಮ್ಮ ಮೈದುನ ಒಂದು ವಿಚಿತ್ರ ಮಾಡ್ತಾನೆ. ತಟ್ಟೆಲಿ ಬಲಗಡೆ ಇರೋ ಮುದ್ದೆ ಉಂಡು, ಎಡಗಡೆ ಇರೋ ಪಲ್ಯ ಅಂಗೇ ಬುಟ್ಟು, ಪಲ್ಯ ಯಾಕ್ ಇಕ್ಕಿಲ್ಲ ಅಂತ ಹೆಂಡ್ತಿ ಮ್ಯಾಲೆ ರೇಗ್ತಾನೆ. ಎಡಗೈ ಮುಟ್ಟುದ್ರೆ ಈಗೀಗ ಒಸಿ ಗೊತ್ತಾಯ್ತದೆ ಅಂತಾನೆ. ಎರಡೂ ಕೈ ಒಟ್ಗೇ ಮುಟ್ಟುದ್ರೆ ಬಲಗೈ ಒಂದೇ ಅಂತಾನೆ. ಗಾಳಿ ಗೀಳಿ ಸೋಕೈತೇನೋ ಅಂತ ಅತ್ತೆ ತಡೆ ಕಟ್ಟಿಸೋಕೆ ಹೊರಟವ್ರೆ."

ಇಲ್ಲಿ ನಾನು ದನಿ ಗಟ್ಟಿಮಾಡಿ ಮಾತಾಡಿದೆ. ಇದು ಗಾಳಿಯೂ ಅಲ್ಲ, ಹಟವೂ ಅಲ್ಲ. ಬಲಮೆದುಳಿನ ನಡುಹಿಂಭಾಗಕ್ಕೆ ಪೆಟ್ಟಾದವರಲ್ಲಿ ವೈದ್ಯರು ನಿತ್ಯ ನೋಡುವ ಲಕ್ಷಣ. ಎರಡು ಹೋಳುಗಳೂ ಗಮನಕ್ಕಾಗಿ ಒಂದರೊಡನೊಂದು ಸ್ಪರ್ಧಿಸುತ್ತಿರುತ್ತವೆ. ಬಲ ಹೋಳು ಸೊರಗಿದಾಗ ಎಡಗೈಯನ್ನು ಒಂಟಿಯಾಗಿ ಮುಟ್ಟಿದರೆ ತಿಳಿಯುತ್ತದೆ. ಬಲಗೈಯನ್ನೂ ಜೊತೆಗೆ ಮುಟ್ಟಿದರೆ ಆರೋಗ್ಯವಾಗಿರುವ ಎಡ ಹೋಳು ಗೆದ್ದು ಎಡಗೈಯ ಸುದ್ದಿ ಅಳಿಸಿಹೋಗುತ್ತದೆ. ಇಂಥ ರೋಗಿಗಳನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ನೋಡಿದಾಗ ಇನ್ನೊಂದು ಕಂಡಿತು. "ಮುಟ್ಟಲಿಲ್ಲ" ಎಂದು ರೋಗಿ ಹೇಳಿದ ಆ ಮುಟ್ಟಿಗೂ ಬಲಗಡೆಯ ಪಟ್ಟಿಯಲ್ಲಿ ಒಂದಿಷ್ಟು ಮಿಡಿತ ಇತ್ತು. ಸುದ್ದಿ ಬಾಗಿಲವರೆಗೆ ಬಂದಿದೆ, ಅರಿವಿಗೆ ಬಂದಿಲ್ಲ. ತಟ್ಟೆಯ ಎಡ ಅರ್ಧದ ಕಥೆಯೂ ಇದೇ. ಕಣ್ಣು ಸರಿಯಾಗಿದೆ, ಆ ಕಡೆಯ ಜಗತ್ತು ಗಮನಕ್ಕೆ ಬರುತ್ತಿಲ್ಲ. ಕೆಲವರು ಅರ್ಧ ಮುಖಕ್ಕೆ ಮಾತ್ರ ಕ್ಷೌರ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಎಡಗೈ ತಮ್ಮದೇ ಅಲ್ಲ ಎನ್ನುತ್ತಾರೆ.

ಹಾಗಿರುವಾಗ ಆ ಮನುಷ್ಯನ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು "ಎಡಗಡೆ ನೋಡಿ, ಪಲ್ಯ ಅಲ್ಲಿದೆ" ಎಂದು ನೆನಪಿಸಲಿ. ಎಡಗೈ ಹತ್ತಿರ ಬಿಸಿನೀರು, ಒಲೆ, ಕುಡುಗೋಲು ಬೇಡ. ಸುಟ್ಟರೂ ಕೊಯ್ದರೂ ಅವರಿಗೆ ಗೊತ್ತಾಗದೆ ಹೋಗಬಹುದು. ಫಿಸಿಯೋಥೆರಪಿಯವರು ಹೇಳಿಕೊಟ್ಟ ಅಭ್ಯಾಸ ಬಿಡಬಾರದು. ಎಡಗೈಗೆ ಒರಟು ಬಟ್ಟೆ, ಹತ್ತಿ, ರಾಗಿ ಕಾಳು ಹೀಗೆ ಬೇರೆ ಬೇರೆ ವಸ್ತು ಮುಟ್ಟಿಸಿ ಗುರುತು ಹಿಡಿಸುವ ಅಭ್ಯಾಸವೂ ಉಂಟು. ಪೆಟ್ಟಾದ ಜಾಗದ ಅಕ್ಕಪಕ್ಕದ ಮೆದುಳು ನಿಧಾನವಾಗಿ ಕೆಲಸ ಕಲಿಯುತ್ತದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು "ಅತ್ತೆಗೆ ನಾನೇ ಹೇಳ್ತೀನಿ, ಆ ತಡೆ ಪಡೆ ಬ್ಯಾಡ ಅಂತ" ಎಂದರು. ನನಗೆ ಸಮಾಧಾನವಾಯಿತು.

ಅಷ್ಟರಲ್ಲಿ ಅವರಿಗೆ ಇನ್ನೊಂದು ಅನುಮಾನ. "ಸುಮನಹಳ್ಳಿಲಿ ಇರೋರಿಗೂ ಮುಟ್ಟುದ್ರೆ ಗೊತ್ತಾಗಲ್ವಂತಲ್ಲ? ಅವ್ರಿಗೂ ಮೆದುಳು ಕೆಟ್ಟಿರ್ತದಾ?"

ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರೆಲ್ಲ ಸುಮನಹಳ್ಳಿ ದಾಟಿಯೇ ಹೋಗಬೇಕು. ಕುಷ್ಠರೋಗದಿಂದ ಬಳಲಿದವರ ಪುನರ್ವಸತಿಗೆಂದು 1970ರ ದಶಕದ ಕೊನೆಯಲ್ಲಿ ಶುರುವಾದ ಕೇಂದ್ರ ಅಲ್ಲಿದೆ. ಕುಷ್ಠದಲ್ಲಿ ಮೆದುಳಿಗೆ ಏನೂ ಆಗಿರುವುದಿಲ್ಲ. ರೋಗಾಣು ಚರ್ಮದ ಕೆಳಗಿನ ನರಗಳನ್ನು ಹಾಳುಮಾಡುತ್ತದೆ. ಸುದ್ದಿ ಹೊರಡುವುದೇ ಇಲ್ಲ. ಮೈದುನನದು ಇದಕ್ಕೆ ತಿರುಗುಮುರುಗು: ಚರ್ಮವೂ ನರವೂ ನೆಟ್ಟಗಿವೆ, ಸುದ್ದಿ ಓದುವವರು ಇಲ್ಲ. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಬೀಳುತ್ತದೆ ಎಂದು ಜನ ತಿಳಿದಿದ್ದರು. ವೆಲ್ಲೂರಿನಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್ ಆ ನಂಬಿಕೆ ಸುಳ್ಳೆಂದು ತೋರಿಸಿದರು. ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ಗಾಯವಾದರೂ ದುಡಿಯುತ್ತಲೇ ಇರುತ್ತದೆ, ಹಾಗಾಗಿ ಬೆರಳು ಹಾಳಾಗುತ್ತದೆ. ಈಗ ಕುಷ್ಠಕ್ಕೆ ಆರು ತಿಂಗಳಿಂದ ಒಂದು ವರ್ಷದ ಮದ್ದಿನಲ್ಲಿ ಪೂರ್ತಿ ಗುಣವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ತೋರಿಸಿ ಎಂದು 2017ರ ಜನವರಿ 30ರಂದು ಶುರುವಾದ ಆಂದೋಲನದ ಹೆಸರೇ 'ಸ್ಪರ್ಶ್'. ಸಕ್ಕರೆ ಕಾಯಿಲೆಯವರ ಪಾದದ ಜೋಮು ಕೂಡ ನರದ್ದೇ: ಎರಡೂ ಪಾದಕ್ಕೆ, ನಿಧಾನವಾಗಿ, ಬೆರಳಿನಿಂದ ಮೇಲಕ್ಕೆ ಏರುತ್ತದೆ. ಮೆದುಳಿನದು ಒಂದೇ ಪಕ್ಕಕ್ಕೆ, ಇದ್ದಕ್ಕಿದ್ದಂತೆ ಬರುತ್ತದೆ. ಈ ವ್ಯತ್ಯಾಸ ತಿಳಿದಿರುವುದು ಬಹಳ ಮುಖ್ಯ.

ಕೈ ಕಳೆದುಕೊಂಡವರಿಗೆ ಇಲ್ಲದ ಬೆರಳು ಕಡಿಯುವ ವಿಷಯವೂ ಬಂತು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿರುವ ವಿ.ಎಸ್. ರಾಮಚಂದ್ರನ್ ಅಂಥವರ ಕೆನ್ನೆಯನ್ನು ಹತ್ತಿಯಿಂದ ಸವರಿದಾಗ, ಇಲ್ಲದ ಹೆಬ್ಬೆರಳನ್ನು ಮುಟ್ಟಿದಂತಾಯಿತು ಎಂದು ರೋಗಿಗಳು ಹೇಳಿದರಂತೆ. ಮೆದುಳಿನ ಪಟ್ಟಿಯಲ್ಲಿ ಕೈ ಮತ್ತು ಮುಖ ನೆರೆಹೊರೆ. ಕೈಯ ಜಾಗವನ್ನು ಮುಖ ಒತ್ತುವರಿ ಮಾಡಿದೆ ಎಂದು 1990ರ ದಶಕದ ಚಿತ್ರಗಳು ಹೇಳಿದವು. ಆದರೆ ಸಂಶೋಧಕಿ ಟಮಾರ್ ಮಾಕಿನ್ ಮತ್ತು ಸಂಗಡಿಗರು ತೋಳು ತೆಗೆಯುವ ಮೊದಲೂ ಆಮೇಲೂ ಅದೇ ಜನರ ಮೆದುಳಿನ ಚಿತ್ರ ತೆಗೆದು, ಕೈಯ ನಕ್ಷೆ ವರ್ಷಗಳಾದರೂ ಅಲ್ಲೇ ಉಳಿದಿರುತ್ತದೆ ಎಂದು 2025ರಲ್ಲಿ ತೋರಿಸಿದರು. ನನಗೆ ಈ ಎರಡನೆಯ ಮಾತೇ ಹೆಚ್ಚು ಗಟ್ಟಿ ಅನ್ನಿಸುತ್ತದೆ, ಯಾಕೆಂದರೆ ಒಬ್ಬರದೇ ಮೆದುಳನ್ನು ಮೊದಲೂ ಆಮೇಲೂ ನೋಡಿದ್ದಾರೆ.

ಮೊಮ್ಮಗ ಬಂದು ಅಕ್ಕನ ಮಡಿಲಿಗೆ ಬಿದ್ದ. ಅವರ ಕೈ ತಾನಾಗಿ ಅವನ ತೋಳು ಸವರತೊಡಗಿತು. ಅದನ್ನೂ ಅಳೆದವರಿದ್ದಾರೆ. ರೋಮವಿರುವ ಚರ್ಮದಲ್ಲಿ ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್ ವೇಗದ ಸವರುವಿಕೆಗೇ ಹೆಚ್ಚಾಗಿ ಮಿಡಿಯುವ, ಬಹಳ ನಿಧಾನದ ನರತಂತುಗಳಿವೆ. ದಪ್ಪ ಸ್ಪರ್ಶನರಗಳನ್ನೆಲ್ಲ ಕಳೆದುಕೊಂಡಿದ್ದ ಒಬ್ಬ ಹೆಂಗಸಿನ ತೋಳನ್ನು ಸ್ವೀಡನ್ನಿನ ವೈದ್ಯರು ಕುಂಚದಿಂದ ಸವರಿದಾಗ ಅವರಿಗೆ ಮಸುಕಾದ, ಹಿತವಾದ ಭಾವ ಬಂತು. ಸ್ಪರ್ಶಪಟ್ಟಿ ಸುಮ್ಮನಿತ್ತು, ಭಾವನೆಗೆ ಸಂಬಂಧಿಸಿದ ಇನ್ಸುಲಾ ಎಂಬ ಒಳಭಾಗ ಎಚ್ಚರಗೊಂಡಿತ್ತು. ಇದು ಪ್ರಕಟವಾದದ್ದು 2002ರಲ್ಲಿ. ಏನು ಮುಟ್ಟಿತು ಎಂದು ತಿಳಿಯುವುದಕ್ಕೆ ಒಂದು ದಾರಿ, ಮುದ್ದು ತಿಳಿಯುವುದಕ್ಕೆ ಇನ್ನೊಂದು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಅಲ್ಲಿನ ಮೆದುಳು ಸಂಗ್ರಹಾಲಯದಲ್ಲಿ ಸಂರಕ್ಷಿಸಿಟ್ಟ ನಿಜವಾದ ಮನುಷ್ಯ ಮೆದುಳನ್ನು ಸಾರ್ವಜನಿಕರು ಕೈಯಿಂದ ಮುಟ್ಟಿ ನೋಡಲು ಅವಕಾಶವಿದೆ. ನಡುವಿನ ದೊಡ್ಡ ಸೀಳು, ಅದರ ಹಿಂದಿನ ಸ್ಪರ್ಶಪಟ್ಟಿಯ ಏರು ಬೆರಳಿಗೆ ಸಿಗುತ್ತವೆ. ನಮ್ಮ ತಾಲ್ಲೂಕಿನ ಶಾಲೆಗಳು ಪ್ರವಾಸಕ್ಕೆ ಹೊರಟಾಗ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಲಿ.

ಮೈದುನನ ವಿಷಯದಲ್ಲಿ ನನಗೆ ಉಳಿದ ಸಂಕಟ ಒಂದೇ. ಕೈ ಜೋಮು ಹಿಡಿದ ಬೆಳಗ್ಗೆ ಮೊದಲು ಎಣ್ಣೆ ತಿಕ್ಕಿದರು. ಆಮೇಲೆ ಯಾರೋ ಹೇಳಿದರೆಂದು ಪಾರಿವಾಳದ ರಕ್ತ ಸವರಿದರು. ಮಧ್ಯಾಹ್ನದ ಹೊತ್ತಿಗೆ ಕಾಲೂ ಎಳೆಯಿತು, ಆಗ ವಾಹನ ಹುಡುಕಿದರು. ರಕ್ತನಾಳ ಕಟ್ಟಿಕೊಂಡ ಲಕ್ವಕ್ಕೆ ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಹೆಪ್ಪನ್ನು ನಾಳದೊಳಗಿಂದ ಎಳೆದು ತೆಗೆಯುವ ಚಿಕಿತ್ಸೆ ಆಯ್ದ ಕೆಲವರಿಗೆ 24 ಗಂಟೆವರೆಗೂ ಸಾಧ್ಯ. ಆದರೆ ಬೇಗ ಹೋದಷ್ಟೂ ಉಳಿಯುವ ಮೆದುಳು ಹೆಚ್ಚು. ಒಳಗೆ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂದು ಸ್ಕ್ಯಾನ್ ನೋಡದೆ ಮದ್ದು ಕೊಡುವಂತಿಲ್ಲ. ಹಾಗಾಗಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಮಾಗಡಿಯಿಂದ ಬೆಂಗಳೂರು ಸುಮಾರು 50 ಕಿಲೋಮೀಟರ್. ಟ್ರಾಫಿಕ್ ಇದ್ದರೂ ಆ ನಾಲ್ಕೂವರೆ ಗಂಟೆಯೊಳಗೆ ಮುಟ್ಟಬಹುದಾದ ದೂರ.

ಆದ್ದರಿಂದ ಓದುವವರಲ್ಲಿ ನನ್ನ ಬೇಡಿಕೆ ಇಷ್ಟು. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಒಂದು ಪಕ್ಕದ ಕೈ, ಕಾಲು, ಮುಖಕ್ಕೆ ಮುಟ್ಟಿದ್ದು ತಿಳಿಯದಾದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ. ಎಣ್ಣೆ ಬೇಡ, ಪಾರಿವಾಳ ಬೇಡ, ಬಾಯಿಗೆ ನೀರು ಅನ್ನ ಏನೂ ಬೇಡ. 108ಕ್ಕೆ ಫೋನ್ ಮಾಡಿ, ಹೊರಡಿ.